ಮೊದಲು ಆಟ ಅರ್ಥ ಮಾಡ್ಕೋ ಅಮ್ಮ, ಆಮೇಲೆ ಬೇಡ ಅನ್ನು

ನಮ್ಮ ಮನೆ ಫ್ರಿಜ್ ಬಾಗಿಲಿಗೆ ಮೈಸೂರು ಅರಮನೆಯ ಮ್ಯಾಗ್ನೆಟ್ ಒಂದು ಅಂಟಿಕೊಂಡಿದೆ. ಅದರಡಿ ಸಾಮಾನ್ಯವಾಗಿ ಇರೋದು ಕರೆಂಟ್ ಬಿಲ್ಲು, ಇಲ್ಲಾ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಚೀಟಿ. 2024ರ ಸೆಪ್ಟೆಂಬರಿನ ಒಂದು ಸಂಜೆ ಆಫೀಸಿಂದ ಬಂದು ನೋಡಿದರೆ ಹೊಸ ಹಾಳೆಯೊಂದು ನೇತಾಡುತ್ತಿತ್ತು. ಮುಂದಿನ ವರ್ಷದ ಸ್ಕೂಲ್ ಫುಟ್‌ಬಾಲ್ ಟೀಮಿಗೆ ಸೇರುವವರು ತಂದೆ ಅಥವಾ ತಾಯಿಯ ಸಹಿ ಹಾಕಿಸಿ ಕೊಡಬೇಕು. ಕೆಳಗೆ ಖಾಲಿ ಗೆರೆ.

ಫುಟ್‌ಬಾಲ್ ಅಂದರೆ ನಾವು ಊರಲ್ಲಿ ಅನ್ನೋ ಫುಟ್‌ಬಾಲ್ ಅಲ್ಲ. ಅದು ಇಲ್ಲಿ ಸಾಕರ್. ಇದು ಹೆಲ್ಮೆಟ್ ಹಾಕಿಕೊಂಡು, ಭುಜಕ್ಕೆ ದಿಂಬಿನಂಥದ್ದು ಕಟ್ಟಿಕೊಂಡು, ಗೂಳಿಗಳ ಹಾಗೆ ಎದುರುಬದುರು ಗುದ್ದಾಡುವ ಅಮೆರಿಕನ್ ಫುಟ್‌ಬಾಲ್. ಮಗ ಆಗ ಆರನೇ ಕ್ಲಾಸು. ತೂಕ ಮೂವತ್ತೆಂಟು ಕೆ.ಜಿ.

"ಬೇಡ" ಅಂದೆ.

ಅವನು ಅಳಲಿಲ್ಲ, ಬಾಗಿಲು ಬಡಿಯಲಿಲ್ಲ. "ಫಸ್ಟ್ ಡೌನ್ ಅಂದ್ರೆ ಏನು ಹೇಳು ನೋಡೋಣ" ಅಂದ. ನಂಗೆ ಗೊತ್ತಿರಲಿಲ್ಲ. "ಮೊದಲು ಆಟ ಅರ್ಥ ಮಾಡ್ಕೋ ಅಮ್ಮ, ಆಮೇಲೆ ಬೇಡ ಅನ್ನು."

ನ್ಯಾಯವಾದ ಮಾತು. ಹನ್ನೊಂದು ವರ್ಷದಿಂದ ಈ ದೇಶದಲ್ಲಿದ್ದೀನಿ. ನಾವಿರೋದು ಫಿಲಡೆಲ್ಫಿಯಾದ ಹೊರವಲಯದಲ್ಲಿ. ಇಲ್ಲಿ ಸೀಸನ್ ಶುರುವಾದರೆ ದಿನಸಿ ಅಂಗಡಿಯ ಕ್ಯಾಶಿಯರ್ ಕೂಡ ಬೈ ಅನ್ನೋ ಬದಲು 'ಗೋ ಬರ್ಡ್ಸ್' ಅಂತಾನೆ. ಬರ್ಡ್ಸ್ ಅಂದರೆ ಈಗಲ್ಸ್, ನಮ್ಮೂರ ಟೀಮು. ಸೋಮವಾರದ ಮೀಟಿಂಗಿನಲ್ಲಿ ಮೊದಲ ಐದು ನಿಮಿಷ ಭಾನುವಾರದ ಮ್ಯಾಚಿನ ಪೋಸ್ಟ್‌ಮಾರ್ಟಂ. ಬೆಂಗಳೂರಲ್ಲಿ ಕೂತು ಅಮೆರಿಕದ ಟೀಮಿನ ಜೊತೆ ಕೆಲಸ ಮಾಡುವ ನಿಮ್ಮಲ್ಲಿ ಎಷ್ಟೋ ಜನಕ್ಕೆ ಆ ಐದು ನಿಮಿಷದ ಪರಿಚಯ ಇದ್ದೇ ಇರುತ್ತೆ. ಎಲ್ಲರೂ ನಗುವಾಗ ಮ್ಯೂಟ್‌ನಲ್ಲಿ ನಾವೂ ನಕ್ಕ ಹಾಗೆ ಮಾಡೋದು. ನಾನು ಅಷ್ಟೊತ್ತಿಗೆ ಕಾಫಿ ತರೋಕೆ ಎದ್ದು ಹೋಗ್ತಿದ್ದೆ.

ಆದರೆ ನನ್ನ 'ಬೇಡ'ಕ್ಕೆ ಕಾರಣ ಇತ್ತು. 2023ರ ಜನವರಿ 2, ಸೋಮವಾರ ರಾತ್ರಿ. ಸಿನ್ಸಿನಾಟಿಯಲ್ಲಿ ಮ್ಯಾಚು. ಬಫಲೋ ಬಿಲ್ಸ್ ಟೀಮಿನ ಡಮಾರ್ ಹ್ಯಾಮ್ಲಿನ್ ಅನ್ನೋ 24 ವರ್ಷದ ಹುಡುಗ ಎದುರಾಳಿಯನ್ನು ತಡೆದು ಬೀಳಿಸಿದ, ಎದ್ದು ನಿಂತ, ಎರಡು ಹೆಜ್ಜೆ ಹಿಂದಕ್ಕೆ ವಾಲಿ ಧೊಪ್ ಅಂತ ಬಿದ್ದ. ಹೃದಯ ನಿಂತಿತ್ತು. ಮೈದಾನದಲ್ಲೇ ಎದೆ ಒತ್ತಿ ಉಳಿಸಿಕೊಂಡರು. ಅವನ ಸುತ್ತ ಜೊತೆ ಆಟಗಾರರು ಮಂಡಿಯೂರಿ ಅಳುತ್ತಿದ್ದದ್ದು ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಹೃದಯ ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲೇ ಎದೆಗೆ ಪೆಟ್ಟು ಬಿದ್ದರೆ ಹೀಗಾಗುತ್ತಂತೆ, ಬಹಳ ಅಪರೂಪವಂತೆ. ಆ ಮ್ಯಾಚನ್ನು ಮತ್ತೆ ಮುಂದುವರಿಸಲೇ ಇಲ್ಲ. ಹ್ಯಾಮ್ಲಿನ್ ಮಾತ್ರ ಚೇತರಿಸಿಕೊಂಡು ಮುಂದಿನ ಸೀಸನ್ನಿನಲ್ಲಿ ಮತ್ತೆ ಆಡಿದ. ಅವನ ಅಮ್ಮ ಹೇಗೆ ಒಪ್ಪಿದರೋ ನನಗೆ ಗೊತ್ತಿಲ್ಲ.

ಇರಲಿ. ಸವಾಲು ಒಪ್ಪಿಕೊಂಡೆ. ಅದೇ ತಿಂಗಳು ತಿಪಟೂರಿಂದ ಮಾವ ಬಂದಿಳಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು, ಕಬಡ್ಡಿ ಅಂದರೆ ಪ್ರಾಣ. ಹೀಗಾಗಿ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ, ಊಟದ ತಟ್ಟೆ ತೊಳೆದಿಟ್ಟು, ಸೋಫಾ ಮೇಲೆ ಎರಡು ಜನ ಸ್ಟೂಡೆಂಟ್ಸು, ನೆಲದ ಮೇಲೆ ಒಬ್ಬ ಪುಟ್ಟ ಮೇಷ್ಟ್ರು.

ಮೊದಲ ದಿನ ಮಾವ ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆ. "ಚೆಂಡು ಕೈಯಲ್ಲೇ ಇದೆಯಲ್ಲೋ, ಇದ್ಯಾವ ಸೀಮೆ ಫುಟ್‌ಬಾಲು?" ಕಾರಣ ಹಳೇದು. 1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದದ್ದನ್ನು ಈ ಆಟದ ಮೊದಲ ಪಂದ್ಯ ಅಂತ ಲೆಕ್ಕ ಹಿಡಿಯುತ್ತಾರೆ. ಆಗ ಚೆಂಡನ್ನು ಹಿಡಿದುಕೊಂಡು ಓಡೋ ಹಾಗೇ ಇರಲಿಲ್ಲ. ಆಮೇಲೆ ರಗ್ಬಿ ಬಂದು ಕೂಡಿಕೊಂಡಿತು, ಕಾಲಿನ ಆಟ ಕೈಯದಾಯಿತು, ಹೆಸರು ಮಾತ್ರ ಉಳಿದುಕೊಂಡಿತು.

ಈಗ ಆಟಕ್ಕೆ ಬರೋಣ. ಇದರ ನಿಯಮದ ಪುಸ್ತಕ ದಪ್ಪಗಿದೆ, ನಿಜ. ಆದರೆ ಅದರೊಳಗೆ ಒಂದೇ ಒಂದು ನಿಯಮ ಹಿಡಿದುಕೊಂಡರೆ ಮುಕ್ಕಾಲು ಆಟ ಅರ್ಥ ಆಗುತ್ತೆ: ಚೆಂಡು ಇರುವ ಟೀಮಿಗೆ ನಾಲ್ಕು ಅವಕಾಶ, ಅಷ್ಟರಲ್ಲಿ ಹತ್ತು ಗಜ ಮುಂದಕ್ಕೆ ಹೋಗಬೇಕು. ಹೋದರೆ ಮತ್ತೆ ಹೊಸದಾಗಿ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಅಷ್ಟೇ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು.

"ಹತ್ತು ಗಜ ಅಂದ್ರೆ ಎಷ್ಟು ತಾತ ಗೊತ್ತಾ?" ಅಂತ ಮಗ ಶುರು ಮಾಡೋದರೊಳಗೆ ಮಾವ ಅಂದರು: "ಕ್ರಿಕೆಟ್ ಪಿಚ್ಚು ಇಪ್ಪತ್ತೆರಡು ಗಜ. ಅರ್ಧ ಪಿಚ್ಚಿಗೆ ಒಂದು ಗಜ ಕಮ್ಮಿ." ಆ ಕ್ಷಣಕ್ಕೆ ನನಗೆ ಟಿವಿಯಲ್ಲಿ ಕಾಣುತ್ತಿದ್ದದ್ದು ಬೇರೆಯಾಗಿಹೋಯಿತು. ಅರ್ಧ ಪಿಚ್ಚು ದಾಟೋಕೆ ಇಷ್ಟು ಒದ್ದಾಟವಾ! ಇಡೀ ಮೈದಾನ ಗೆರೆಯಿಂದ ಗೆರೆಗೆ 100 ಗಜ. ಎರಡೂ ತುದಿಗೆ ಹತ್ತತ್ತು ಗಜದ ಎಂಡ್ ಝೋನ್. ಎದುರಾಳಿಯ ಎಂಡ್ ಝೋನಿಗೆ ಚೆಂಡು ತಲುಪಿಸಬೇಕು. ಅರ್ಧರ್ಧ ಪಿಚ್ಚಿನ ಹಾಗೆ ಜಮೀನು ಗೆದ್ದುಕೊಂಡು ಹೋಗಬೇಕು.

ಒಂದು ಉದಾಹರಣೆ ನೋಡಿ. ಟಿವಿಯ ಕೆಳಗೆ '1ಸ್ಟ್ & 10' ಅಂತ ಬರುತ್ತೆ. ಮೊದಲ ಅವಕಾಶ, ಹತ್ತು ಗಜ ಬೇಕು. ಒಬ್ಬ ಚೆಂಡು ಅವುಚಿಕೊಂಡು ಓಡಿದ, ಮೂರು ಗಜ ಹೋಗುವಷ್ಟರಲ್ಲಿ ಕೆಡವಿದರು. ಆಟ ನಿಂತಿತು. ಈಗ '2ನ್ಡ್ & 7'. ಎರಡನೇ ಅವಕಾಶ, ಇನ್ನೂ ಏಳು ಬೇಕು. ಈ ಸಲ ದೂರಕ್ಕೆ ಎಸೆದರು, ಹಿಡಿಯಬೇಕಾದವನ ಬೆರಳಿಗೆ ತಾಗಿ ಚೆಂಡು ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದರೆ ಅವಕಾಶ ಹೋಯಿತು, ಒಂದು ಗಜವೂ ಸಿಗಲಿಲ್ಲ, ಗಡಿಯಾರ ನಿಂತಿತು. '3ರ್ಡ್ & 7'. ಮತ್ತೆ ಎಸೆದರು, ಹಿಡಿದ, ಐದು ಗಜ. ಈಗ '4ತ್ & 2'. ಸ್ಟೇಡಿಯಮ್ಮಿನಲ್ಲಿ ಎಲ್ಲರೂ ಎದ್ದು ನಿಂತಿರುತ್ತಾರೆ. ಯಾಕೆ ಅಂತ ನನಗೆ ಹನ್ನೊಂದು ವರ್ಷ ಗೊತ್ತಿರಲಿಲ್ಲ.

ನಾಲ್ಕನೇ ಅವಕಾಶದಲ್ಲಿ ಮೂರು ದಾರಿ. ಒಂದು, ಧೈರ್ಯ ಮಾಡಿ ಆ ಎರಡು ಗಜಕ್ಕೆ ಪ್ರಯತ್ನಿಸೋದು. ಸೋತರೆ ಚೆಂಡು ಅಲ್ಲೇ ಎದುರಾಳಿಗೆ ಹೋಗುತ್ತೆ, ನಿಮ್ಮ ಮನೆ ಬಾಗಿಲ ಹತ್ತಿರದಲ್ಲೇ ಇದ್ದರೆ ಗತಿ ಕೆಟ್ಟಿತು. ಎರಡು, ಪಂಟ್. ಹೇಗಿದ್ದರೂ ಚೆಂಡು ಹೋಗೋದೇ, ಹೋಗೋದಾದರೆ ದೂರ ಹೋಗಲಿ ಅಂತ ಆಚೆ ತುದಿಯ ಕಡೆಗೆ ಬಲವಾಗಿ ಒದ್ದುಬಿಡೋದು. ಮೂರು, ಗೋಲ್ ಕಂಬ ಹತ್ತಿರವಿದ್ದರೆ ಕಂಬಗಳ ಮಧ್ಯೆ ಒದ್ದು ಮೂರು ಪಾಯಿಂಟ್ ತಗೊಳ್ಳೋದು, ಅದು ಫೀಲ್ಡ್ ಗೋಲ್. ಸೋಮವಾರದ ಐದು ನಿಮಿಷದಲ್ಲಿ ನನ್ನ ಸಹೋದ್ಯೋಗಿಗಳು ಜಗಳ ಆಡುವುದು ಬಹುಮಟ್ಟಿಗೆ ಈ ಮೂರರಲ್ಲಿ ಕೋಚ್ ಯಾವುದನ್ನು ಆರಿಸಬೇಕಿತ್ತು ಅನ್ನೋದರ ಮೇಲೆ. ಮನೆಯಲ್ಲಿ ಕೂತವರೆಲ್ಲ ಕೋಚೇ. ನಮ್ಮಲ್ಲಿ ಟಾಸ್ ಗೆದ್ದು ಬೋಲಿಂಗ್ ಯಾಕೆ ತಗೊಂಡ ಅಂತ ಬೈಯೋದಿಲ್ವಾ, ಹಾಗೆ.

ಮಾವ ಇದನ್ನು ಹಿಡಿದ ರೀತಿಯೇ ಬೇರೆ. "ಇದು ನಮ್ಮ ಡೂ ಆರ್ ಡೈ ರೇಡ್ ಕಣಮ್ಮ" ಅಂದರು. ಪ್ರೊ ಕಬಡ್ಡಿ ನೋಡುವವರಿಗೆ ಗೊತ್ತು: ಸತತ ಎರಡು ರೇಡ್ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ರೇಡರ್ ಔಟ್. ಯಾರೂ ಸುಮ್ಮನೆ ಗೆರೆ ಮುಟ್ಟಿ ವಾಪಸ್ ಬಂದು ಟೈಮ್ ಕಳೆಯಬಾರದು ಅಂತ ಇರುವ ನಿಯಮ ಅದು.

ಆಮೇಲೆ ಓದಿದಾಗ ನನಗೆ ಆಶ್ಚರ್ಯ ಆಗಿದ್ದು, ಡೌನ್ ನಿಯಮ ಹುಟ್ಟಿದ್ದೂ ಇದೇ ಕಾರಣಕ್ಕೆ. ಯೇಲ್ ಕಾಲೇಜಿನ ವಾಲ್ಟರ್ ಕ್ಯಾಂಪ್ ಅನ್ನೋನು 1880ರಲ್ಲಿ, ಒಂದು ಟೀಮಿನ ಹತ್ತಿರ ಚೆಂಡು ಇದ್ದರೆ ಅದು ಅವರದೇ, ಅವರೇ ಆಟ ಶುರು ಮಾಡಬೇಕು ಅನ್ನೋ ನಿಯಮ ತರಿಸಿದ. ಬುದ್ಧಿವಂತರು ಇರ್ತಾರಲ್ಲ! 1881ರ ಯೇಲ್-ಪ್ರಿನ್ಸ್‌ಟನ್ ಪಂದ್ಯದಲ್ಲಿ ಒಂದು ಟೀಮು ಅರ್ಧ ಆಟ ಚೆಂಡು ಬಿಡದೆ ಕೂತಿತು, ಇನ್ನೊಂದು ಟೀಮು ಉಳಿದರ್ಧ ಕೂತಿತು. ಸೊನ್ನೆ-ಸೊನ್ನೆ. ದುಡ್ಡು ಕೊಟ್ಟು ಬಂದವರು ಏನೆಂದುಕೊಂಡರೋ. ಮರುವರ್ಷವೇ, 1882ರಲ್ಲಿ, ಮೂರು ಅವಕಾಶದಲ್ಲಿ ಐದು ಗಜ ಹೋಗಲೇಬೇಕು ಅಂತಾಯಿತು. ಗಜ ಅಳೆಯೋಕೆ ಮೈದಾನದ ಮೇಲೆ ಗೆರೆ ಎಳೆದರು, ದೂರದಿಂದ ನೋಡಿದರೆ ಕೆಂಡದ ಮೇಲಿಡುವ ಕಬ್ಬಿಣದ ಜಾಲರಿಯ ಹಾಗೆ ಕಂಡಿತು, ಗ್ರಿಡೈರನ್ ಅನ್ನೋ ಅಡ್ಡಹೆಸರು ಬಂತು. 1906ರಲ್ಲಿ ಐದು ಗಜ ಹತ್ತಾಯಿತು, 1912ರಲ್ಲಿ ಮೂರು ಅವಕಾಶ ನಾಲ್ಕಾಯಿತು.

ಗೆರೆ ಅಂದಾಗ ನೆನಪಾಯಿತು. ಟಿವಿಯಲ್ಲಿ ಮೈದಾನದ ಅಡ್ಡಕ್ಕೆ ಒಂದು ಹಳದಿ ಗೆರೆ ಕಾಣುತ್ತೆ, ಅಲ್ಲಿಗೆ ಮುಟ್ಟಿದರೆ ಹತ್ತು ಗಜ. ಮಾವ ಎರಡು ವಾರ ಅದನ್ನು ನಿಜವಾಗಿ ಸುಣ್ಣ ಬಳಿದ ಗೆರೆ ಅಂದುಕೊಂಡಿದ್ದರು. "ಇಷ್ಟು ಬೇಗ ಅಳಿಸಿ ಬರೆಯೋರು ಯಾರಪ್ಪಾ?" ಅಂತ ಒಮ್ಮೆ ಕೇಳಿಯೇಬಿಟ್ಟರು. ಮಗ ನೆಲದ ಮೇಲೆ ಉರುಳಾಡಿ ನಕ್ಕ. ಅದು ಕಂಪ್ಯೂಟರ್ ಎಳೆಯುವ ಗೆರೆ, 1998ರ ಸೆಪ್ಟೆಂಬರಿನಲ್ಲಿ ಮೊದಲು ಬಂದದ್ದು. ಮೈದಾನದಲ್ಲಿ ಇರುವವರಿಗೆ ಕಾಣೋದೇ ಇಲ್ಲ. ಅಲ್ಲಿ ಇವತ್ತಿಗೂ ಎರಡು ಕೋಲು, ಮಧ್ಯೆ ಹತ್ತು ಗಜದ ಸರಪಳಿ ಹಿಡಿದುಕೊಂಡು ಸರ್ವೆ ಇಲಾಖೆಯವರ ಹಾಗೆ ಪಕ್ಕದಲ್ಲಿ ನಿಂತಿರುತ್ತಾರೆ.

ಪಾಯಿಂಟ್ ಲೆಕ್ಕ ಸುಲಭ. ಚೆಂಡು ಎಂಡ್ ಝೋನ್ ಸೇರಿದರೆ ಟಚ್‌ಡೌನ್, ಆರು ಪಾಯಿಂಟ್. ಹೆಸರಿಗೆ ಟಚ್‌ಡೌನ್, ಆದರೆ ನೆಲಕ್ಕೆ ತಾಗಿಸಬೇಕಾಗಿಲ್ಲ. ಹಿಡಿದುಕೊಂಡು ಓಡಿದವನ ಚೆಂಡಿನ ತುದಿ ಗೆರೆಯ ಮೇಲಿನ ಗಾಳಿ ದಾಟಿದರೂ ಸಾಕು. ಅದಾದ ಮೇಲೆ ಒಂದು ಬೋನಸ್ ಪ್ರಯತ್ನ: ಕಂಬದ ಮಧ್ಯೆ ಒದ್ದರೆ ಒಂದು, ಅದರ ಬದಲು ಎರಡು ಗಜದ ದೂರದಿಂದ ಮತ್ತೆ ಎಂಡ್ ಝೋನಿಗೆ ನುಗ್ಗಿದರೆ ಎರಡು. ಹೀಗಾಗಿ ಸ್ಕೋರು ಏಳರ ಮಗ್ಗಿ, ಮೂರರ ಮಗ್ಗಿ ಕಲಸಿದ ಹಾಗೆ ಕಾಣೋದು. ಇನ್ನೊಂದಿದೆ, ಚೆಂಡು ಹಿಡಿದವನನ್ನು ಅವನದೇ ಎಂಡ್ ಝೋನಿನಲ್ಲಿ ಕೆಡವಿದರೆ ಕೆಡವಿದವರಿಗೆ ಎರಡು. ಅದಕ್ಕೆ ಸೇಫ್ಟಿ ಅಂತಾರೆ. ಈ ಪದ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಮೈದಾನದಲ್ಲಿ ಒಂದು ಕಡೆಗೆ ಹನ್ನೊಂದು ಜನ. ಆದರೆ ಒಂದು ಟೀಮಿನೊಳಗೆ ಮೂರು ಟೀಮು ಇರುತ್ತೆ: ಚೆಂಡು ನಮ್ಮದಾದಾಗ ಆಡುವವರು, ಅವರದಾದಾಗ ತಡೆಯುವವರು, ಒದೆಯುವ ಕೆಲಸ ಬಂದಾಗ ಬರುವವರು. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಕ್ವಾರ್ಟರ್‌ಬ್ಯಾಕ್ ಅನ್ನೋನೇ ಹೀರೋ. ಎಲ್ಲ ಅವನ ಕೈಯಿಂದಲೇ ಶುರು, ಜಾಹೀರಾತಿನಲ್ಲಿ ಬರೋನೂ ಅವನೇ. ಮುಂದಕ್ಕೆ ಚೆಂಡು ಎಸೆಯಬಹುದು, ಆದರೆ ಒಂದು ಡೌನ್‌ನಲ್ಲಿ ಒಂದೇ ಸಲ, ಅದೂ ಆಟ ಶುರುವಾದ ಗೆರೆಯ ಹಿಂದಿನಿಂದ. ಎಸೆದದ್ದು ಎದುರಾಳಿಯ ಕೈಗೆ ಸಿಕ್ಕಿದರೆ ಇಂಟರ್‌ಸೆಪ್ಷನ್, ಚೆಂಡು ಅವರದು. ಓಡುವಾಗ ಕೈಜಾರಿದರೆ ಫಂಬಲ್, ಸಿಕ್ಕವರಿಗೆ ಸೀರುಂಡೆ.

ಮಾವನಿಗೆ ಕ್ವಾರ್ಟರ್‌ಬ್ಯಾಕ್ ಮೇಲೆ ಅಂಥಾ ಪ್ರೀತಿ ಏನೂ ಹುಟ್ಟಲಿಲ್ಲ. ಅವರ ಕಣ್ಣು ಅವನ ಮುಂದೆ ಗೋಡೆಯ ಹಾಗೆ ನಿಲ್ಲುವ ಐದು ಜನ ದಢೂತಿಗಳ ಮೇಲೆ. ಅವರನ್ನು ಲೈನ್‌ಮನ್ ಅಂತಾರೆ. ಸಾಮಾನ್ಯವಾಗಿ ಚೆಂಡು ಮುಟ್ಟೋದಿಲ್ಲ, ಎಸೆದದ್ದನ್ನು ಹಿಡಿಯುವ ಹಕ್ಕೂ ಇಲ್ಲ. ಎದುರಿನವರು ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳದ ಹಾಗೆ ತಡೆಯೋದೇ ಕೆಲಸ. "ಮದುವೆ ಮನೆ ಅಡುಗೆ ಭಟ್ರು ಇದ್ದ ಹಾಗೆ. ಸಾರು ಕೆಟ್ರೆ ಮಾತ್ರ ಯಾರು ಮಾಡಿದ್ದು ಅಂತ ಕೇಳ್ತಾರೆ" ಅಂದರು. ನಿಜವೇ. ಇವರ ನಂಬರು ಮೈಕಿನಲ್ಲಿ ಕೇಳೋದು ತಪ್ಪು ಮಾಡಿದಾಗ. ಅಂಪೈರು ಹಳದಿ ಬಟ್ಟೆ ಬಿಸಾಕಿದರೆ ಯಾರೋ ತಪ್ಪು ಮಾಡಿದ್ದಾರೆ ಅಂತ ಅರ್ಥ. ಶಿಕ್ಷೆ ಗಜದ ಲೆಕ್ಕದಲ್ಲೇ. ಅವಸರಪಟ್ಟು ಮೊದಲೇ ಅಲುಗಾಡಿದರೆ ಐದು, ಎದುರಾಳಿಯನ್ನು ಹಿಡಿದು ಎಳೆದರೆ ಹತ್ತು, ಹೆಲ್ಮೆಟ್ಟಿನ ಮುಂದಿನ ಜಾಲರಿ ಹಿಡಿದು ಎಳೆದರೆ ಹದಿನೈದು. ಉಳಿದದ್ದು ನೋಡನೋಡ್ತಾ ಬರುತ್ತೆ, ನಾನೂ ಪೂರ್ತಿ ಕಲಿತಿಲ್ಲ.

ಸಮಯದ ಬಗ್ಗೆ ಮಾತ್ರ ನನ್ನ ತಕರಾರು ಇವತ್ತಿಗೂ ಇದೆ. ಹೇಳೋಕೆ ಹದಿನೈದು ನಿಮಿಷದ ನಾಲ್ಕು ಭಾಗ, ಒಂದು ಗಂಟೆ. ಮುಗಿಯೋದು ಮೂರು ಗಂಟೆಯ ಮೇಲೆ. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯವರು ಲೆಕ್ಕ ಹಾಕಿ ನೋಡಿದಾಗ ಚೆಂಡು ನಿಜವಾಗಿ ಆಟದಲ್ಲಿರೋದು ಸುಮಾರು 11 ನಿಮಿಷ ಅಂತ ಬಂತು. ಉಳಿದದ್ದೆಲ್ಲ ಜಾಹೀರಾತು, ಮಾತುಕತೆ, ರಿಪ್ಲೇ. ಮೊದಮೊದಲು ಅದು ಸಿಟ್ಟು ತರಿಸುತ್ತಿತ್ತು. ಈಗ ಆ ಮಧ್ಯದ ಸಮಯದಲ್ಲೇ ನಮ್ಮನೆಯಲ್ಲಿ ಮಾತು. ಓಡ್ತಾರಾ, ಎಸೀತಾರಾ, ಒದೀತಾರಾ? ಮಾವ ಪಂದ್ಯ ಕಟ್ಟುತ್ತಿದ್ದರು, ಒಂದು ಸಲಕ್ಕೆ ಒಂದು ಗೋಡಂಬಿ.

2025ರ ಫೆಬ್ರವರಿ 9. ಸೂಪರ್ ಬೌಲ್, ಅಂದರೆ ಫೈನಲ್ಲು. ನ್ಯೂ ಆರ್ಲಿಯನ್ಸ್‌ನಲ್ಲಿ ನಮ್ಮ ಈಗಲ್ಸು, ಎದುರಿಗೆ ಕ್ಯಾನ್ಸಸ್ ಸಿಟಿ ಚೀಫ್ಸ್. ಪಕ್ಕದ ಮನೆಯವರು ಕರೆದಿದ್ದರು. ನಾನು ನಿಪ್ಪಟ್ಟು ಕರಿದು ತಗೊಂಡು ಹೋದೆ, ಚಿಕನ್ ವಿಂಗ್ಸ್ ಪಕ್ಕದಲ್ಲಿಟ್ಟೆ, ಎರಡನೇ ಕ್ವಾರ್ಟರಿಗೆ ಖಾಲಿ. ಈಗಲ್ಸಿನ ಮೊದಲ ಟಚ್‌ಡೌನ್ ಬಂದದ್ದು ಅವರ ಹೆಸರಾಂತ 'ಟಷ್ ಪುಷ್'ನಿಂದ. ಒಂದೇ ಗಜ ಬೇಕಾದಾಗ ಕ್ವಾರ್ಟರ್‌ಬ್ಯಾಕ್ ಚೆಂಡು ಅವುಚಿಕೊಂಡು ಮುಂದಕ್ಕೆ ನುಗ್ತಾನೆ, ಹಿಂದಿದ್ದವರು ಅವನ ಕುಂಡೆಗೆ ಕೈಕೊಟ್ಟು ತಳ್ಳುತ್ತಾರೆ. "ಕೆಸರಲ್ಲಿ ಸಿಕ್ಕ ಗಾಡಿ ತಳ್ಳೋದು ನೋಡಮ್ಮ!" ಅಂತ ಮಾವ ಎದ್ದು ನಿಂತುಬಿಟ್ಟರು. ಇದನ್ನು ನಿಷೇಧಿಸಬೇಕು ಅಂತ ಆಮೇಲೆ ಮೇ ತಿಂಗಳಲ್ಲಿ 32 ಟೀಮುಗಳು ಮತ ಹಾಕಿದವು. 24 ಮತ ಬೇಕಿತ್ತು, ಬಿದ್ದದ್ದು 22. ಉಳಿಯಿತು. ಆ ಫೈನಲ್ಲಿನಲ್ಲೇ ಕೂಪರ್ ಡಿಜೀನ್ ಅನ್ನೋ ಹುಡುಗ, ಅವತ್ತೇ ಅವನ 22ನೇ ಹುಟ್ಟುಹಬ್ಬ, ಎದುರಾಳಿ ಎಸೆದ ಚೆಂಡನ್ನು ಮಧ್ಯದಲ್ಲೇ ಕದ್ದು 38 ಗಜ ಓಡಿ ಟಚ್‌ಡೌನ್ ಮಾಡಿದ. ಅರ್ಧ ಆಟಕ್ಕೆ 24-0. ಕೊನೆಗೆ 40-22. ಬೀದಿಯಲ್ಲಿ ಪಟಾಕಿ. ನಾನು ಕಿರುಚಿ ಕಿರುಚಿ ಮಾರನೇ ದಿನ ಮೀಟಿಂಗಿನಲ್ಲಿ ಗಂಟಲು ಬಿದ್ದುಹೋಗಿತ್ತು, ಐದು ನಿಮಿಷವೂ ನಾನೇ ಮಾತಾಡಿದೆ.

ಮನೆಗೆ ನಡೆದು ಬರುವಾಗ ಮಗ ಕೇಳಿದ. "ಈಗ ಅರ್ಥ ಆಯ್ತಲ್ಲ?"

ಅರ್ಥ ಆಗಿತ್ತು. ಅದೇ ಕಷ್ಟ. ಅರ್ಥ ಆಗದೆ ಇದ್ದಾಗ 'ಬೇಡ' ಅನ್ನೋಕೆ ಒಂದು ರಾತ್ರಿಯ ವಿಡಿಯೋ ಸಾಕಾಗಿತ್ತು. ಈಗ ಆಟದ ಚಂದವೂ ಕಾಣುತ್ತೆ, ಪೆಟ್ಟು ಎಲ್ಲೆಲ್ಲಿ ಬೀಳುತ್ತೆ ಅನ್ನೋದೂ ಕಾಣುತ್ತೆ.

ಪೆಟ್ಟಿನ ಚರಿತ್ರೆ ಈ ಆಟದಷ್ಟೇ ಹಳೇದು. 1905ರಲ್ಲಿ ಒಂದೇ ವರ್ಷ ಹತ್ತಕ್ಕೂ ಹೆಚ್ಚು ಹುಡುಗರು ಆಡುತ್ತಾ ಸತ್ತಿದ್ದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ವೈಟ್ ಹೌಸಿಗೆ ಕರೆಸಿ, ಆಟ ಸುಧಾರಿಸಿಕೊಳ್ಳಿ ಅಂತ ಹೇಳಬೇಕಾಯಿತು. ಮರುವರ್ಷ ಮುಂದಕ್ಕೆ ಚೆಂಡು ಎಸೆಯೋದಕ್ಕೆ ಅನುಮತಿ ಕೊಟ್ಟರು, ಎಲ್ಲರೂ ಒಂದೇ ಕಡೆ ಗುಂಪುಗೂಡಿ ಗುದ್ದಾಡೋದು ಕಡಿಮೆಯಾಗಲಿ ಅಂತ. ಇವತ್ತು ನಾವು ಚಪ್ಪಾಳೆ ತಟ್ಟುವ ಆ ಉದ್ದುದ್ದ ಎಸೆತಕ್ಕೆ ಒಪ್ಪಿಗೆ ಸಿಕ್ಕಿದ್ದು ಹೀಗೆ.

ಆಮೇಲೆ ತಲೆಯ ವಿಷಯ. ಹೆಲ್ಮೆಟ್ ತಲೆಬುರುಡೆ ಒಡೆಯದ ಹಾಗೆ ಕಾಯುತ್ತೆ. ಒಳಗೆ ಮಿದುಳು ಅಲುಗಾಡೋದನ್ನು ತಡೆಯೋಕೆ ಅದಕ್ಕಾಗಲ್ಲ. ನೈಜೀರಿಯಾದಿಂದ ಬಂದ ಬೆನೆಟ್ ಒಮಾಲು ಅನ್ನೋ ಡಾಕ್ಟರು ಮೈಕ್ ವೆಬ್‌ಸ್ಟರ್ ಅನ್ನೋ ಹೆಸರಾಂತ ಲೈನ್‌ಮನ್ ತೀರಿಕೊಂಡ ಮೇಲೆ ಅವನ ಮಿದುಳು ಪರೀಕ್ಷಿಸಿ, ಪದೇ ಪದೇ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಅನ್ನೋ ಕಾಯಿಲೆ ಇದೆ ಅಂತ 2005ರಲ್ಲಿ ಬರೆದರು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದವರು ನೋಡಿದ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಅದಿತ್ತು. ಇದನ್ನು ಓದುವಾಗ ಒಂದು ಎಚ್ಚರ ಬೇಕು. ಅವು ದಾನವಾಗಿ ಬಂದ ಮಿದುಳುಗಳು, ಏನೋ ತೊಂದರೆ ಇದೆ ಅನ್ನಿಸಿದ ಮನೆಯವರೇ ಹೆಚ್ಚಾಗಿ ಕೊಟ್ಟಿರುತ್ತಾರೆ. ಹಾಗಾಗಿ ಆಡಿದ ಎಲ್ಲರಿಗೂ ಬರುತ್ತೆ ಅಂತ ಅರ್ಥ ಅಲ್ಲ. ಆದರೂ ನಾನು ಆ ಪುಟ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮಾವ ಅಡುಗೆ ಭಟ್ಟರು ಅಂದ ಆ ಲೈನ್‌ಮನ್‌ಗಳು ಪ್ರತಿ ಡೌನಿಗೂ ತಲೆಗೆ ತಲೆ ಕೊಡ್ತಾರೆ. ಟಿವಿಯವರು ಅದನ್ನು ರಿಪ್ಲೇ ತೋರಿಸೋದಿಲ್ಲ.

"ನೀನು ಯಾವ ಪೊಸಿಷನ್ ಆಡ್ಬೇಕು ಅಂತಿದೀಯ?" ಅಂತ ಕೇಳಿದೆ.

"ಸೇಫ್ಟಿ."

ಪಾಯಿಂಟಿನ ಸೇಫ್ಟಿ ಅಲ್ಲ, ಇದು ಜಾಗದ ಹೆಸರು. ತಡೆಯುವವರ ಪೈಕಿ ಎಲ್ಲರಿಗಿಂತ ಹಿಂದೆ ನಿಲ್ಲುವವನು. ಉಳಿದವರನ್ನೆಲ್ಲ ದಾಟಿ ಬಂದವನನ್ನು ಇವನು ಪೂರ್ತಿ ವೇಗದಲ್ಲಿ ಓಡಿಹೋಗಿ ಕೆಡವಬೇಕು. ಹ್ಯಾಮ್ಲಿನ್ ಆಡುತ್ತಿದ್ದದ್ದು ಅದೇ ಜಾಗದಲ್ಲಿ. ಆರು ತಿಂಗಳ ಹಿಂದೆ ಆಗಿದ್ದರೆ ಆ ಹೆಸರು ಕೇಳಿ ನನಗೆ ಸಮಾಧಾನ ಆಗುತ್ತಿತ್ತೇನೋ!

ಇವರು, ಅಂದರೆ ನನ್ನ ಗಂಡ, "ಕ್ಲಾಸಲ್ಲಿ ಅರ್ಧ ಹುಡುಗರು ಆಡ್ತಾರೆ, ಎಲ್ಲರಿಗೂ ಏನಾಗಿದೆ?" ಅಂದರು. ನಾನು ಮಾವನ ಕಡೆ ನೋಡಿದೆ. ಕ್ರೀಡೆ ಅಂದರೆ ಪ್ರಾಣ ಬಿಡುವವರು, ಆಡಲಿ ಬಿಡಮ್ಮ ಅಂತಾರೆ ಅಂದುಕೊಂಡಿದ್ದೆ.

ಅವರು ಆವತ್ತು ಏನೂ ಹೇಳಲಿಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿ, ಸೂಟ್‌ಕೇಸ್ ತೂಕ ನೋಡುತ್ತಿರುವಾಗ, ತಾವೇ ಶುರು ಮಾಡಿದರು. ಎಷ್ಟೋ ವರ್ಷದ ಹಿಂದೆ ತಾಲ್ಲೂಕು ಮಟ್ಟದ ಕಬಡ್ಡಿ ಮ್ಯಾಚು. ಅವರ ಹುಡುಗನೊಬ್ಬ ಮೊದಲರ್ಧದಲ್ಲೇ ಭುಜಕ್ಕೆ ಪೆಟ್ಟು ಮಾಡಿಕೊಂಡಿದ್ದ. ಒಳ್ಳೆಯ ರೇಡರ್. ಮೂರು ಪಾಯಿಂಟ್ ಹಿಂದಿದ್ದರು. ಇವರು ಬಾಮ್ ಹಚ್ಚಿ ಮತ್ತೆ ಒಳಗೆ ಕಳಿಸಿದರು. ಗೆದ್ದರು. ಹುಡುಗನ ಕತ್ತಿನ ಹತ್ತಿರದ ಮೂಳೆ ಮುರಿದು, ಸರಿಯಾಗಿ ಕೂಡದೆ, ಆ ಕೈ ಪೂರ್ತಿ ಮೇಲೆತ್ತೋಕೆ ಆಮೇಲೆ ಆಗಲೇ ಇಲ್ಲ.

"ಅವರಮ್ಮ ಆಸ್ಪತ್ರೆ ಹತ್ರ ನನ್ನ ಮುಂದೆ ನಿಂತ್ಕೊಂಡ್ಲು. ಮೇಷ್ಟ್ರೇ ಅಂದ್ಲು, ಅಷ್ಟೆ. ಒಂದು ಮಾತು ಕೇಳ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಕಣಮ್ಮ." ಸ್ವಲ್ಪ ಹೊತ್ತು ಬಿಟ್ಟು, "ಆಟ ಬಿಡಿಸ್ಬೇಡ. ಆದ್ರೆ ಪೆಟ್ಟಾದ್ಮೇಲೆ ಮತ್ತೆ ಒಳಗೆ ಕಳ್ಸೋನು ಯಾರು, ಅವನನ್ನ ಮೊದ್ಲು ನೋಡು" ಅಂದರು. ಸೂಟ್‌ಕೇಸ್ ಒಂದು ಕೆ.ಜಿ. ಜಾಸ್ತಿ ಇತ್ತು. ಬಾದಾಮಿ ಪೊಟ್ಟಣ ಹೊರಗೆ ತೆಗೆದಿಟ್ಟರು.

ಏಪ್ರಿಲ್‌ನಲ್ಲಿ ನಾನು ಶಾಲೆಯ ಕೋಚನ್ನು ನೋಡೋಕೆ ಹೋದೆ. ಒಳ್ಳೆಯ ಮನುಷ್ಯ. ತಲೆಗೆ ಪೆಟ್ಟಾದ ಅನುಮಾನ ಬಂದರೆ ಆಟದಿಂದ ತೆಗೆದುಬಿಡೋದು, ಡಾಕ್ಟರು ಬರೆದುಕೊಡದೆ ವಾಪಸ್ ಸೇರಿಸದೆ ಇರೋದು, ಎಲ್ಲ ವಿವರಿಸಿದರು. ಅನುಮಾನ ಯಾರಿಗೆ ಬರಬೇಕು ಅಂತ ಕೇಳಿದೆ. ಹುಡುಗರೇ ಹೇಳಿದರೆ ಒಳ್ಳೆಯದು, ಆದರೆ ಹೇಳೋದಿಲ್ಲ ಅಂದರು, ಹೇಳಿದರೆ ಆಡಿಸೋದಿಲ್ಲ ಅಂತ ಅವರಿಗೆ ಗೊತ್ತಿರುತ್ತೆ. ಅವರ ಪ್ರಾಮಾಣಿಕತೆ ನನಗೆ ಇಷ್ಟ ಆಯಿತು. ಸಹಿ ಮಾತ್ರ ಹಾಕಲಿಲ್ಲ.

ಈ ವರ್ಷ ಅವನು ಆಡ್ತಿರೋದು ಫ್ಲ್ಯಾಗ್ ಫುಟ್‌ಬಾಲ್. ಸೊಂಟದ ಬೆಲ್ಟಿಗೆ ಎರಡು ಪಟ್ಟಿ ಸಿಕ್ಕಿಸಿರುತ್ತಾರೆ, ಕೆಡವೋ ಬದಲು ಅದನ್ನು ಕಿತ್ತರೆ ಆಟ ನಿಲ್ಲುತ್ತೆ. ನಾವು ಚಿಕ್ಕವರಿದ್ದಾಗ ಹಿಂದೆ ಕರ್ಚೀಫು ಸಿಕ್ಕಿಸಿಕೊಂಡು ಬಾಲ ಕೀಳೋ ಆಟ ಆಡ್ತಿದ್ವಲ್ಲ, ಅದೇ. ಒಂದು ಕಡೆ ಐದು ಜನ. ಮೈದಾನದ ಮಧ್ಯದ ಗೆರೆ ದಾಟೋಕೆ ನಾಲ್ಕು ಅವಕಾಶ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಇದೂ ಇದೆ. ಇದನ್ನು ಸೇರಿಸಿದ ತೀರ್ಮಾನ ಆದದ್ದು 2023ರ ಅಕ್ಟೋಬರಿನಲ್ಲಿ, ಎಲ್ಲಿ ಅಂತೀರಿ? ಮುಂಬೈನಲ್ಲಿ. ಅವತ್ತೇ ಕ್ರಿಕೆಟ್ಟಿಗೂ ಒಲಿಂಪಿಕ್ಸ್ ಬಾಗಿಲು ತೆರೆದದ್ದು. ಇದನ್ನು ಹೇಳಿ ಮಗನನ್ನು ಒಪ್ಪಿಸೋಕೆ ನೋಡಿದೆ. "ಒಲಿಂಪಿಕ್ಸ್ ಇರ್ಬೋದು ಅಮ್ಮ, ಇದು ನಿಜವಾದ್ದಲ್ಲ" ಅಂದ. ಬಿದ್ದರೂ ಮಂಡಿ ತರಚುತ್ತೆ ಅಷ್ಟೆ. ಮೊದಲ ಎರಡು ವಾರ ಮುಖ ಊದಿಸಿಕೊಂಡೇ ಹೋದ. ಮೂರನೇ ವಾರ ಒಂದು ಇಂಟರ್‌ಸೆಪ್ಷನ್ ಹಿಡಿದ, ಕಾರಲ್ಲಿ ಮನೆಗೆ ಬರೋ ತನಕ ಅದರದ್ದೇ ಕಥೆ.

ನೀವು ಈ ಆಟ ನೋಡಬೇಕು ಅಂದುಕೊಂಡಿದ್ದರೆ, ಸೆಪ್ಟೆಂಬರಿನಿಂದ ಫೆಬ್ರವರಿ ತನಕ ಸೀಸನ್. ಇಲ್ಲಿಯ ಮಧ್ಯಾಹ್ನ ಒಂದು ಗಂಟೆಯ ಮ್ಯಾಚು ನಿಮಗೆ ರಾತ್ರಿ ಹತ್ತೂವರೆಗೆ, ನವೆಂಬರ್ ಶುರುವಾದ ಮೇಲೆ ಹನ್ನೊಂದೂವರೆಗೆ. ಚೆಂಡು ಎಲ್ಲಿದೆ ಅಂತ ಹುಡುಕೋಕೆ ಹೋಗಬೇಡಿ, ಮೊದಲ ದಿನ ಯಾರಿಗೂ ಕಾಣಲ್ಲ. ಕೆಳಗಿನ ಆ ಎರಡು ಅಂಕಿ ಮಾತ್ರ ನೋಡಿ. ಎಷ್ಟನೇ ಅವಕಾಶ, ಎಷ್ಟು ಗಜ ಬೇಕು. ಪಕ್ಕದಲ್ಲಿ ಗೋಡಂಬಿ ಇಟ್ಟುಕೊಳ್ಳಿ.

ಮಾವ ತಿಪಟೂರಿಂದ ಪ್ರತಿ ಸೋಮವಾರ ಬೆಳಿಗ್ಗೆ ವಾಟ್ಸಾಪ್ ಕಾಲ್ ಮಾಡ್ತಾರೆ. ಮೊದಲು ಈಗಲ್ಸ್ ಸ್ಕೋರು, ಆಮೇಲೆ ಮೊಮ್ಮಗನ ಸ್ಕೋರು, ಕೊನೆಗೆ ನಮ್ಮ ಆರೋಗ್ಯ. ಫಾರ್ಮಿನ ವಿಷಯ ಅವರು ಕೇಳೋದಿಲ್ಲ.

ಅದು ಇನ್ನೂ ಅರಮನೆಯ ಅಡಿಯಲ್ಲೇ ಇದೆ. ವರ್ಷದ ತಾರೀಖು ಮುಗಿದುಹೋದ ಹಾಳೆ, ಎಸೆಯಬಹುದು, ಎಸೆದಿಲ್ಲ. ಮೇ ತಿಂಗಳಲ್ಲಿ ಮತ್ತೆ ಕೂತು ಮಾತಾಡೋಣ ಅಂತ ಮಗನಿಗೆ ಮಾತು ಕೊಟ್ಟಿದ್ದೀನಿ. ಹೋದ ವಾರ ಹಾಲು ತೆಗೆಯೋಕೆ ಹೋದಾಗ ನೋಡಿದೆ, ಸಹಿ ಹಾಕುವ ಖಾಲಿ ಗೆರೆಯ ಮೇಲೆ ಯಾರೋ ನೀಟಾಗಿ ಹಳದಿ ಹೈಲೈಟರ್ ಎಳೆದಿದ್ದಾರೆ. ಯಾರು ಅಂತ ನಾನು ಕೇಳಿಲ್ಲ.